ಬೆಳ್ಳುಳ್ಳಿ ತಿನ್ನದ ಮನೆ

ನನ್ನ ಗಂಡನ ಬಾಯಿಂದ ಬೆಳ್ಳುಳ್ಳಿಯ ವಾಸನೆ ಬರುತ್ತಿದೆ ಎಂದು ಮೊದಲು ಹೇಳಿದವಳು ನಾನು. ಆಮೇಲೆ ಮನೆಯಲ್ಲಿ ಆದದ್ದಕ್ಕೆಲ್ಲ ಅತ್ತೆಯ ಮಡಿಯೇ ಕಾರಣ ಎಂದು ನನ್ನ ಮಕ್ಕಳು ತಿಳಿದಿದ್ದಾರೆ. ಎಷ್ಟೋ ವರ್ಷ ನಾನೂ ಅದನ್ನು ತಿದ್ದಲಿಲ್ಲ. ಆದ್ದರಿಂದ ಇದನ್ನು ಮೊದಲೇ ಬರೆದುಬಿಡುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ಅಂಧೇರಿ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುತ್ತಿದ್ದ ಒಂದು ಚಾಳಿನ ಮೊದಲ ಮಹಡಿಯಲ್ಲಿ ನಮ್ಮದು ಒಂದು ಕೋಣೆ, ಅದರ ಹಿಂದೆ ಅಡಿಗೆಮನೆ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ. ಮನೆಯಲ್ಲಿ ಮೂವರು: ನನ್ನ ಗಂಡ, ವಿಧವೆ ಅತ್ತೆ, ನಾನು. ಮೂವರೂ ಧಾರವಾಡದ ಕಡೆಯವರು. ಈರುಳ್ಳಿ, ಬೆಳ್ಳುಳ್ಳಿ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ನನ್ನ ತವರಿನಲ್ಲೂ ಅದೇ ನಡೆ. ಇಪ್ಪತ್ತೆರಡು ವರ್ಷದವಳಾಗಿದ್ದ ನಾನು ಒಂದು ಬೆಳ್ಳುಳ್ಳಿಯನ್ನು ಕೈಯಲ್ಲಿ ಹಿಡಿದು ನೋಡಿದವಳಲ್ಲ. ಅದರ ವಾಸನೆ ನನಗೆ ಗೊತ್ತಿದ್ದದ್ದು ದೂರದಿಂದ: ಲೋಕಲ್ ಗಾಡಿಯಲ್ಲಿ ಯಾರದೋ ಡಬ್ಬಿ ತೆರೆದಾಗ, ಪಕ್ಕದ ಕೋಣೆಯಲ್ಲಿ ಒಗ್ಗರಣೆ ಬಿದ್ದಾಗ. ಅಷ್ಟಕ್ಕೇ ಅದು ನನಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡಿದ್ದೆ.

ಆ ವರ್ಷ ನನ್ನ ಗಂಡನಿಗೆ ಜೋಗೇಶ್ವರಿಯ ಒಂದು ಕಾರಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಕಾರಖಾನೆ ಎಂದರೆ ಒಂದು ತಗಡಿನ ಶೆಡ್ಡು, ಹದಿನಾಲ್ಕು ಜನ. ಸಿನೆಮಾ ಥಿಯೇಟರಿನ ಯಂತ್ರಗಳಿಗೆ, ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆಗಳಿಗೆ ಬೇಕಾಗುವ ರೆಕ್ಟಿಫಾಯರ್ ಪ್ಲೇಟುಗಳನ್ನು ಅಲ್ಲಿ ಮಾಡುತ್ತಿದ್ದರು. ಬೂದು ಬಣ್ಣದ ಒಂದು ಪುಡಿಯನ್ನು ಕಾಯಿಸಿ ಕರಗಿಸಿ, ಅಂಗೈಯಗಲದ ತಗಡಿನ ಮೇಲೆ ತೆಳ್ಳಗೆ ಹಚ್ಚಿ, ಮತ್ತೆ ಭಟ್ಟಿಯಲ್ಲಿಟ್ಟು ತೆಗೆಯುವುದು. ಆ ಪುಡಿಯ ಹೆಸರು ಸೆಲೆನಿಯಂ. ಕರಗಿಸುವ ಕಡಾಯಿಯ ಮುಂದೆ ನಿಲ್ಲುವ ಕೆಲಸ ನನ್ನ ಗಂಡನದು. ಅವರಿಗೆ ಅದರ ಬಗ್ಗೆ ಅಭಿಮಾನವಿತ್ತು. ಒಂದು ದಿನ ಕೆಟ್ಟುಹೋದ ಪ್ಲೇಟೊಂದನ್ನು ಮನೆಗೆ ತಂದು ತೋರಿಸಿದರು.

"ಇಷ್ಟ ತಗಡ ಅದ ನೋಡು. ಕರೆಂಟ್ ಒಂದ ದಿಕ್ಕಿಗೆ ಹೋಗಗೊಡ್ತದ, ತಿರುಗಿ ಬರಗೊಡೂದಿಲ್ಲ."

"ವಾಸನಿ ಏನ ಇದು, ಅಂಗಿಗೆ?" ಎಂದು ನಾನು ಕೇಳಿದೆ.

"ಕರಗಿಸೂವಾಗ ಕೊಳತ ಮೂಲಂಗಿ ಹಂಗ ನಾರ್ತದ. ಒಂದ ವಾರ ಆದ ಮ್ಯಾಲೆ ಗೊತ್ತ ಆಗೂದಿಲ್ಲ," ಎಂದು ನಕ್ಕರು.

ನಾನೂ ನಕ್ಕೆ. ಕೊಳೆತ ಮೂಲಂಗಿಯ ವಾಸನೆಯನ್ನು ದಿನಕ್ಕೆ ಒಂಬತ್ತು ತಾಸು ಉಸಿರಾಡುವವನಿಗೆ ಏನಾಗಬಹುದು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಮೂರನೆಯ ತಿಂಗಳು ಒಂದು ಬೆಳಿಗ್ಗೆ ಅವರಿಗೆ ಚಹಾ ಕೊಡುವಾಗ ಬಾಯಿಯ ವಾಸನೆ ಮುಖಕ್ಕೆ ಬಡಿಯಿತು. "ಏನ್ರಿ, ನಿನ್ನೆ ಬೆಳ್ಳುಳ್ಳಿ ತಿಂದ ಬಂದೀರೇನು?" ಎಂದೆ. ಅರ್ಧ ಚೇಷ್ಟೆಗೆ ಕೇಳಿದ್ದು. ಅವರು, "ನೀ ಕೊಟ್ಟ ಅವಲಕ್ಕಿ ಬಿಟ್ಟರ ಏನೂ ತಿಂದಿಲ್ಲ," ಎಂದರು. ಅತ್ತೆ ಅಡಿಗೆಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಅವರ ಕೈ ನಿಂತಿತು. ಆಮೇಲೆ ಎದ್ದು ಬಂದು ಮಗನ ಎದುರು ನಿಂತು, "ಬಾಯಿ ತಗಿ," ಎಂದರು.

ಮೂವತ್ತು ವರ್ಷದ ಗಂಡಸು ಬಾಯಿ ತೆಗೆದ.

"ಎಲ್ಲೆ ತಿಂತೀ?"

"ಎಲ್ಲೂ ತಿಂದಿಲ್ಲವಾ."

"ತಿನ್ನದ ಬಾಯಿ ಹಿಂಗ ನಾರ್ತದೇನು? ಗಾಳಿ ತಿಂದಿಯೇನು?"

ಅತ್ತೆ ಕುಟುಕಲೆಂದು ಆಡಿದ ಆ ಮಾತು ಅಕ್ಷರಶಃ ನಿಜವಾಗಿತ್ತು. ಅದು ತಿಳಿಯುವುದಕ್ಕೆ ನಮಗೆ ಇನ್ನೂ ಐದು ತಿಂಗಳು ಬೇಕಾದವು.

ವಾಸನೆ ದಿನದಿನಕ್ಕೆ ಹೆಚ್ಚಿತು. ಬಾಯಲ್ಲಷ್ಟೇ ಅಲ್ಲ, ಬೆವರಿನಲ್ಲಿ, ದಿಂಬಿನಲ್ಲಿ. ಅವರು ಲವಂಗ ಜಗಿದರು, ಬೇವಿನ ಕಡ್ಡಿಯಿಂದ ವಸಡು ಕಿತ್ತುಹೋಗುವಂತೆ ಉಜ್ಜಿದರು. ತಮ್ಮ ತಂದೆಯ ಆಣೆ ಮಾಡಿ ತಿಂದಿಲ್ಲವೆಂದರು. ಆಣೆಯ ಮೇಲೂ ವಾಸನೆ ಹೋಗದಿದ್ದಾಗ ಅತ್ತೆ ಅವರ ತಟ್ಟೆಯನ್ನು ಹೊಸ್ತಿಲಾಚೆ, ಕೋಣೆಯಲ್ಲಿ ಇಡತೊಡಗಿದರು. ಬಡಿಸುವವಳು ನಾನು. ಅನ್ನವನ್ನು ಮೇಲಿನಿಂದ ಬಿಡುತ್ತಿದ್ದೆ, ಸೌಟು ತಟ್ಟೆಗೆ ತಾಗದಂತೆ.

ಏಕಾದಶಿಯ ವಿಷಯವನ್ನು ಸರಿಯಾಗಿ ಹೇಳಬೇಕು. ನಮ್ಮ ಮನೆಯಲ್ಲಿ ಏಕಾದಶಿಗೆ ನೀರೂ ಇಲ್ಲ. ಆ ಸಲ ಏಕಾದಶಿ ಅವರ ರಜೆಯ ದಿನವೇ ಬಿತ್ತು. ದಶಮಿಯ ದಿನ ಅರ್ಧ ದಿನದ ಕೆಲಸ ಮುಗಿಸಿ ಬಂದು ಮಧ್ಯಾಹ್ನ ನನ್ನ ಕೈಯಿಂದ ಊಟ ಮಾಡಿದ್ದು, ಆಮೇಲೆ ದ್ವಾದಶಿಯ ಬೆಳಿಗ್ಗೆಯವರೆಗೆ ಅವರು ಅತ್ತೆಯ ಕಣ್ಣ ಮುಂದಿನಿಂದ ಕದಲಲಿಲ್ಲ. ನಳದ ಹತ್ತಿರ ಹೋದರೂ ನಾನು ಹಿಂದೆ ಹೋದೆ. ದ್ವಾದಶಿಯ ಪಾರಣೆಗೆ ಮೊದಲು ಅತ್ತೆ ಮತ್ತೆ ಬಾಯಿ ತೆಗೆಸಿದರು. ವಾಸನೆ ಹಾಗೆಯೇ ಇತ್ತು.

ಮೂರು ಹೊತ್ತು ಏನನ್ನೂ ಬಾಯಿಗೆ ಹಾಕದವನ ಬಾಯಿ ನಾರುತ್ತಿದೆ ಎಂದರೆ ಅದು ತಿಂದದ್ದರ ವಾಸನೆ ಅಲ್ಲ. ಇಷ್ಟನ್ನು ತಿಳಿಯಲು ಓದು ಬೇಕಿಲ್ಲ. ಸಾಕ್ಷಿ ನಮ್ಮ ಕೈಯಲ್ಲೇ ಇತ್ತು. ನಾವು ಅದನ್ನು ತಿರುಗಿಸಿ ಹಿಡಿದೆವು. "ಉಪವಾಸಕ್ಕೂ ಹೋಗೂದಿಲ್ಲ ಅಂದ್ರ ಎಷ್ಟ ತಿಂದಿರಬೇಕು," ಎಂದರು ಅತ್ತೆ. ನನಗೂ ಹಾಗೆಯೇ ಅನ್ನಿಸಿತು. ಬೆಳ್ಳುಳ್ಳಿಯಷ್ಟೇ ಅಲ್ಲ, ಅದರ ಜೊತೆ ಇನ್ನೂ ಏನೇನೋ ತಿನ್ನುವ ಯಾವುದೋ ಮನೆಗೆ ಹೋಗುತ್ತಿರಬೇಕು ಎಂದು ಅನ್ನಿಸಿತು.

ಆಮೇಲೆ ಅವರ ಕೂದಲು ಉದುರತೊಡಗಿತು. ಬಾಚಣಿಗೆಗೆ ಬರುವ ಹಾಗಲ್ಲ, ಟೋಪಿ ತೆಗೆದರೆ ಟೋಪಿಯ ಒಳಗೆ. ಉಗುರುಗಳ ಮೇಲೆ ಅಡ್ಡಡ್ಡ ಬಿಳಿ ಗೆರೆಗಳು ಬಂದವು. ಉಗುರಿನ ಬುಡ ಕೆಂಪಾಗಿ, ಅಂಗಿಯ ಗುಂಡಿ ಹಾಕಲೂ ನೋಯುತ್ತಿತ್ತು. ಒಂದು ಸಂಜೆ ಡಬ್ಬಿಯ ಮುಚ್ಚಳ ತೆಗೆಯುವಾಗ ಹೆಬ್ಬೆರಳಿನ ಉಗುರು ಪೂರ್ತಿ ಕಳಚಿ ಮುಚ್ಚಳದ ಅಂಚಿಗೆ ಸಿಕ್ಕಿಕೊಂಡಿತು. ರಕ್ತ ಬರಲಿಲ್ಲ. ಅವರು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು, ನಾನು ನೋಡಬಾರದೆಂದು. ನಾನು ನೋಡಿದ್ದೆ.

"ಬಾಯಾಗ ಸದಾ ತಾಮ್ರದ ಗಿಂಡಿ ನೆಕ್ಕಿದಂಗ ಆಗ್ತದ," ಎಂದು ಒಮ್ಮೆ ನನಗೆ ಹೇಳಿದರು. "ಮೆಟ್ಟಲಾ ಹತ್ತೂದರಾಗ ಕಾಲ ಬಿದ್ದ ಹೋಗ್ತಾವ."

ಕೂದಲುದುರಿಸುವ, ಉಗುರು ಕೆಡಿಸುವ ಒಂದು ರೋಗವಿದೆ, ಗಂಡಸರಿಗೆ ಕೆಟ್ಟ ಜಾಗಗಳಿಂದ ಬರುತ್ತದೆ ಎಂದು ನಳದ ಹತ್ತಿರ ಹೆಂಗಸರು ಆಡಿಕೊಂಡದ್ದು ನನ್ನ ತಲೆಯಲ್ಲಿತ್ತು. ಅಂದೇ ನಾನು ಹಾಸಿಗೆಯನ್ನು ಅಡಿಗೆಮನೆಗೆ, ಅತ್ತೆಯ ಪಕ್ಕಕ್ಕೆ ತೆಗೆದುಕೊಂಡು ಹೋದೆ. ಕಾರಣ ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ.

ಮಾರ್ಗಶಿರದಲ್ಲಿ ನನ್ನ ಮಾವನ ಶ್ರಾದ್ಧ. ನನ್ನ ಗಂಡ ಒಬ್ಬನೇ ಮಗ. ತಂದೆ ಸತ್ತಾಗ ಅವರಿಗೆ ಹನ್ನೊಂದು ವರ್ಷ. ಅಂದಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಊರಿನಿಂದ ಮುಂಬಯಿಗೆ ಬಂದ ವರ್ಷ, ಉಳಿಯಲು ಜಾಗವಿಲ್ಲದಾಗಲೂ, ಯಾರದೋ ಮನೆಯ ಹಿತ್ತಿಲಲ್ಲಿ ಪಿಂಡ ಹಾಕಿದ್ದರು. ಅವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದದ್ದು ಇದೊಂದೇ ಮಾತು. ಶ್ರಾದ್ಧಕ್ಕೆ ಮೂರು ವಾರವಿರುವಾಗ ಅತ್ತೆ, ಮಾಟುಂಗಾದಲ್ಲಿದ್ದ ನನ್ನ ಗಂಡನ ದೊಡ್ಡಪ್ಪನ ಮಗನಿಗೆ ಹೇಳಿಕಳಿಸಿದ್ದೇನೆ, ಈ ವರ್ಷ ಮಣೆಯ ಮೇಲೆ ಅವನೇ ಕೂಡುತ್ತಾನೆ ಎಂದರು.

ನನ್ನ ಗಂಡ ತಟ್ಟೆಯ ಮುಂದೆ ಕೂತಿದ್ದರು. "ಅವ್ವಾ, ನಾ ಇದ್ದೀನಲ್ಲ."

"ಆ ಬಾಯಿಲೆ ಅವರ ಹೆಸರ ಹೇಳ್ತೀಯೇನು?"

"ಹದಿನೈದ ದಿವಸ ಮನ್ಯಾಗ ಕೂಡ್ತೀನಿ. ಹೊರಗ ಕಾಲಿಡೂದಿಲ್ಲ. ನೀನ ಬಡಸು, ನೀನ ನೋಡು. ಆವಾಗರ ನಂಬ್ತೀಯಲ್ಲ?"

"ಏಕಾದಶಿಗೆ ನೋಡೀನಲ್ಲ," ಎಂದರು ಅತ್ತೆ.

ನನ್ನ ಗಂಡ ನನ್ನ ಕಡೆ ನೋಡಿದರು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ನಮ್ಮ ಪಕ್ಕದ ಕೋಣೆಯವರು ಉಡುಪಿ ಕಡೆಯವರು. ಗಂಡ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಹೆಂಡತಿ ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಜೋರು. ತಮ್ಮ ಮಗನಿಗೆ ಬೆಳ್ಳುಳ್ಳಿ ಚಟ್ನಿ ಕೊಡುವವಳು ಅವಳೇ ಎಂದು ಅತ್ತೆ ಗ್ಯಾಲರಿಯಲ್ಲಿ ನಿಂತು ನಾಲ್ಕು ಜನರಿಗೆ ಕೇಳುವಂತೆ ಹೇಳಿದ ದಿನ ಅವಳು ನನ್ನನ್ನು ತಡೆದಳು.

"ಎಂತ ಮಾರಾಯ್ತಿ ಇದು? ನಾನು ಬೆಳ್ಳುಳ್ಳಿ ಹಾಕುದು ಹೌದು. ಅದು ನಮ್ಮ ನಾಲ್ಕು ಮಕ್ಕಳಿಗೇ ಸಾಲುದಿಲ್ಲ, ನಿನ್ನ ಗಂಡನಿಗೆ ಎಲ್ಲಿಂದ ಕೊಡ್ಲಿ?"

"ನಾ ಹಂಗ ಅಂದಿಲ್ಲ."

"ನೀನು ಅನ್ನುದಿಲ್ಲ. ನೀನು ಸುಮ್ಮನೆ ನಿಂತುಕೊಳ್ತಿ." ಆಮೇಲೆ ಅವಳೇ ದನಿ ತಗ್ಗಿಸಿದಳು. "ಒಂದು ಹೇಳ್ತೇನೆ, ಕೇಳು. ನಿನ್ನೆ ಅವರು ಮೆಟ್ಟಿಲಲ್ಲಿ ಕೂತಿದ್ರು, ಏಳ್ಲಿಕ್ಕೆ ಆಗ್ತಿರಲಿಲ್ಲ. ನಾನು ಕೈ ಕೊಟ್ಟೆ. ಬಾಯಿ ವಾಸನೆ ಬಂತು. ಅದು ಬೆಳ್ಳುಳ್ಳಿ ಅಲ್ಲ."

"ಮತ್ತೇನು?"

"ಎಂತದೋ ನನಗೆ ಗೊತ್ತಿಲ್ಲ. ಬೆಳ್ಳುಳ್ಳಿ ಮಾತ್ರ ಅಲ್ಲ. ಹುಟ್ಟಿದಾಗಿನಿಂದ ತಿಂತಿದ್ದೇನೆ, ನನಗೆ ಗೊತ್ತಾಗುದಿಲ್ವಾ? ಅವರ ಒಂದು ಅಂಗಿ ತಕೊಂಡು ಬಾ."

ನಾನು ಒಗೆಯಲು ಇಟ್ಟಿದ್ದ ಅಂಗಿಯನ್ನು ಸೆರಗಿನಲ್ಲಿ ಮುಚ್ಚಿ ಒಯ್ದೆ. ಅವಳು ಒರಳಲ್ಲಿ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ನನ್ನ ಅಂಗೈಗೆ ಹಾಕಿದಳು. ಒಂದು ಸಲ ಅಂಗೈ, ಒಂದು ಸಲ ಅಂಗಿಯ ಕೊರಳು ಮೂಸು ಎಂದಳು. ಮೂಸಿದೆ. ಅಂಗೈಯಲ್ಲಿದ್ದದ್ದು ಖಾರವಾದ ಹಸಿ ವಾಸನೆ, ಕಣ್ಣಲ್ಲಿ ನೀರು ಬರಿಸುವಂಥದ್ದು. ಅಂಗಿಯದು ಅದರ ಸಂಬಂಧಿಯಂತಿತ್ತು, ಆದರೆ ಅದರಲ್ಲಿ ಹಸಿತನವಿರಲಿಲ್ಲ. ಬೆಂಕಿಕಡ್ಡಿ ಗೀರಿದ ಹಾಗೆ, ಕಾದ ಕಬ್ಬಿಣದ ಹಾಗೆ ಏನೋ ಅದರ ಕೆಳಗೆ ಇತ್ತು. ನಾಲ್ಕೈದು ಸಲ ಮೂಸಿದ ಮೇಲೆ ಅವೆರಡೂ ಒಂದೇ ಎಂದು ಹೇಗೆ ತಿಳಿದಿದ್ದೆ ಎಂಬುದೇ ನನಗೆ ಅರ್ಥವಾಗಲಿಲ್ಲ.

"ತಿನ್ನದವರಿಗೆ ಎಲ್ಲಾ ನಾತವೂ ಬೆಳ್ಳುಳ್ಳಿಯೇ," ಎಂದಳು ಅವಳು. "ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗು. ನಾಳೆಯೇ."

ಹುಣಿಸೆಹಣ್ಣು, ಬೂದಿ ಎರಡರಿಂದಲೂ ಕೈ ತೊಳೆದು ಮನೆಗೆ ಬಂದೆ. ಅತ್ತೆಗೆ ವಾಸನೆ ಸಿಕ್ಕಿತು. "ನೀನೂ ಸುರು ಮಾಡಿದಿ?" ಎಂದಷ್ಟೇ ಕೇಳಿದರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನನ್ನ ಕೈಯಲ್ಲಿ ನಿಜವಾದ ಬೆಳ್ಳುಳ್ಳಿ ನಾರುತ್ತಿತ್ತು, ನಾನು ಹೇಳುತ್ತಿದ್ದದ್ದು ನಿಜ, ಅತ್ತೆಯ ಮುಖದಲ್ಲಿ ನಂಬಿಕೆಯ ಸುಳಿವಿಲ್ಲ. ಗಂಡನಿಗೆ ಐದು ತಿಂಗಳು ಹೇಗಿತ್ತೆಂದು ಆಗ ಐದು ನಿಮಿಷದ ಮಟ್ಟಿಗೆ ತಿಳಿಯಿತು.

ಊರೊಳಗಿನ ದೊಡ್ಡ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ನಾಲ್ಕು ತಾಸು ಕೂತೆವು. ವೈದ್ಯರು ಸಣ್ಣ ವಯಸ್ಸಿನವರು, ಕನ್ನಡ ಬರುತ್ತಿರಲಿಲ್ಲ. ಉಗುರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಮುಖದ ಹತ್ತಿರ ಬಂದು, ಊದು ಎಂದರು. ಐದು ತಿಂಗಳಲ್ಲಿ ಆ ಬಾಯಿಯ ಹತ್ತಿರಕ್ಕೆ ತಾನಾಗಿ ಬಂದ ಮೊದಲ ಮನುಷ್ಯ.

"ಲಸೂನ್ ಖಾತೇ ಹೋ?"

"ನಹೀ."

ಹಾಗೆ ಹೇಳುವಾಗ ನನ್ನ ಗಂಡ ವೈದ್ಯರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ವೈದ್ಯರು ಎರಡನೆಯ ಸಲ ಕೇಳಲಿಲ್ಲ. ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಗುರುತಿಲ್ಲದ ಒಬ್ಬ ಮನುಷ್ಯ ಒಂದೇ ಸಲ ಕೇಳಿ ನಂಬಿದ.

"ಕಾಮ್ ಕ್ಯಾ ಕರತೇ ಹೋ?"

ಮಾಡುವ ಕೆಲಸ ಎಂಥದು ಎಂಬ ಈ ಪ್ರಶ್ನೆಯನ್ನು ನಾವು ಯಾರೂ ಕೇಳಿರಲಿಲ್ಲ. ನನ್ನ ಗಂಡ ಶೆಡ್ಡು, ಕಡಾಯಿ, ಪುಡಿ ಎಲ್ಲ ಹೇಳಿದರು. ಪುಡಿಯ ಹೆಸರು ಕೇಳಿದ ಕೂಡಲೇ ವೈದ್ಯರು ಬರೆಯುವುದನ್ನು ನಿಲ್ಲಿಸಿದರು. ಆಮೇಲೆ ಅವರು ನಿಧಾನವಾಗಿ ಹಿಂದಿಯಲ್ಲಿ ತಿಳಿಸಿದ್ದು ಇಷ್ಟು: ಆ ಪುಡಿಯ ಹೊಗೆ, ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತಿದೆ. ಮೈ ಅದನ್ನು ಹೊರಗೆ ಹಾಕಲು ನೋಡುತ್ತಿದೆ, ಉಸಿರಿನಲ್ಲಿ, ಬೆವರಿನಲ್ಲಿ. ಹಾಗೆ ಹೊರಬೀಳುವ ಆವಿಗೆ ಬೆಳ್ಳುಳ್ಳಿಯಂಥ ವಾಸನೆ. ಕೂದಲು, ಉಗುರು, ಕಾಲಿನ ಸೋಲು, ಬಾಯಿಯ ತಾಮ್ರದ ರುಚಿ ಎಲ್ಲ ಅದರದೇ. ಇದಕ್ಕೆ ಔಷಧವಿಲ್ಲ. ಆ ಶೆಡ್ಡಿಗೆ ಹೋಗದಿರುವುದೇ ಔಷಧ. ವಾಸನೆ ಹೋಗಲು ಕೆಲವು ವಾರಗಳಾಗಬಹುದು, ಉಗುರು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ.

"ಮೊದಲ ದಿನ ವಾಸನೆ ಬಂದಾಗಲೇ ಬಂದಿದ್ದರೆ ಉಗುರು ಹೋಗುತ್ತಿರಲಿಲ್ಲ," ಎಂದೂ ಹೇಳಿದರು. ನನಗೆ ಹಿಂದಿ ಅಷ್ಟು ಬರುತ್ತಿರಲಿಲ್ಲ. ಈ ಮಾತು ಮಾತ್ರ ಪೂರ್ತಿ ತಿಳಿಯಿತು.

ವೈದ್ಯರ ಚೀಟಿ ಹಿಡಿದುಕೊಂಡು ಮರುದಿನ ಅವರು ಶೆಡ್ಡಿಗೆ ಹೋದರು. ಮೇಸ್ತ್ರಿ ಓದಿ ಹಿಂದಕ್ಕೆ ಕೊಟ್ಟನಂತೆ. "ಅರೇ ಪಂಡಿತ್, ಇಧರ್ ಸಬ್ ಕೇ ಮೂಹ್ ಸೇ ಲಸೂನ್ ಆತಾ ಹೈ. ಕೋಯೀ ರೋಯಾ ಕ್ಯಾ?" ಯಾರಾದರೂ ಅತ್ತಿದ್ದಾರೆಯೇ ಎಂದು ಕೇಳಿದನಂತೆ. ಉಳಿದವರ ಬಾಯಿಯೂ ನಾರುತ್ತಿತ್ತು, ನಿಜ. ಅವರೆಲ್ಲ ದಿನವೂ ಬೆಳ್ಳುಳ್ಳಿ ತಿನ್ನುವವರು. ಮನೆಯಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಅಂದೇ ಕೆಲಸ ಬಿಟ್ಟ ನನ್ನ ಗಂಡ ಕಡಾಯಿಯ ಬಳಿ ಜೊತೆಗೆ ನಿಲ್ಲುತ್ತಿದ್ದವನ ಮನೆಗೆ ಹೋಗಿ ವಿಷಯ ಹೇಳಿದಾಗ ಅವನ ಹೆಂಡತಿ ನಕ್ಕುಬಿಟ್ಟಳಂತೆ: ಗಂಡಸಿನ ಬಾಯಲ್ಲಿ ಬೆಳ್ಳುಳ್ಳಿ ಬಾರದೆ ಮಲ್ಲಿಗೆಯ ವಾಸನೆ ಬರುತ್ತದೆಯೇ? ಅವನು ಕೆಲಸ ಬಿಡಲಿಲ್ಲ. ಅವನಿಗೆ ಮುಂದೇನಾಯಿತೋ ನಮಗೆ ಗೊತ್ತಾಗಲಿಲ್ಲ.

ಆ ಹದಿನಾಲ್ಕು ಮನೆಗಳಲ್ಲಿ ಆ ವಾಸನೆಯನ್ನು ಮೊದಲ ದಿನವೇ ಹಿಡಿಯಬಲ್ಲ ಮನೆ ನಮ್ಮದೊಂದೇ ಆಗಿತ್ತು. ಹಿಡಿದೆವು ಕೂಡ. ಹಿಡಿದು ಅವರನ್ನು ಹೊಸ್ತಿಲಾಚೆ ಕೂರಿಸಿದೆವು.

ಶ್ರಾದ್ಧಕ್ಕೆ ಆರು ದಿನವಿತ್ತು. ಅವರು ಅತ್ತೆಯ ಮುಂದೆ ಚೀಟಿ ಇಟ್ಟು ಎಲ್ಲ ಹೇಳಿದರು. ಅತ್ತೆ ಕೊನೆಯವರೆಗೂ ಕೇಳಿದರು. ನಂಬಿದರು ಎಂದೇ ನನಗೆ ಕಂಡಿತು. ಚೀಟಿಯನ್ನು ಮಗನ ಕಡೆ ಸರಿಸಿ, "ರೋಗರ ಇರಲಿ, ಬೆಳ್ಳುಳ್ಳಿರ ಇರಲಿ. ನಾತ ನಾತನ. ಪಿತೃಗಳು ಬಂದ ಕೂಡೂದಿಲ್ಲ," ಎಂದರು. "ಮಾಟುಂಗಾದವಗ ಹೇಳಿ ಆಗೇದ. ಬರೂ ವರ್ಷ ನೀ ಮಾಡೀಯಂತ."

ನಾನು ಒಂದು ಮಾತು ಆಡಬಹುದಿತ್ತು. ಶ್ರಾದ್ಧದ ಅಡಿಗೆ ಮಾಡಬೇಕಾದವಳು ನಾನು. ಮಾಡುವುದಿಲ್ಲ ಎಂದು ಕೂತಿದ್ದರೆ ಆ ದಿನ ಶ್ರಾದ್ಧವೇ ನಡೆಯುತ್ತಿರಲಿಲ್ಲ. ಒದ್ದೆ ಸೀರೆಯುಟ್ಟು ಬೆಳಗಿನಿಂದ ಅಡಿಗೆ ಮಾಡಿದೆ.

ಪುರೋಹಿತರು ಮಾಟುಂಗಾದ ಭಾವನನ್ನು ಕರ್ತೃವಿನ ಮಣೆಯ ಮೇಲೆ ನೋಡಿ, "ಮಗ ಎಲ್ಲಿ?" ಎಂದರು.

"ಅವಗ ಆರಾಮಿಲ್ಲ," ಎಂದರು ಅತ್ತೆ. ಮಗನಿಗೆ ಕಾಯಿಲೆ ಎಂದು ಅವರ ಬಾಯಿಂದ ಬಂದದ್ದು ಅದೊಂದೇ ಸಲ.

ನನ್ನ ಗಂಡ ಗ್ಯಾಲರಿಯಲ್ಲಿ ಕಟಕಟೆಗೆ ಒರಗಿ ನಿಂತಿದ್ದರು. ಸ್ನಾನ ಮಾಡಿ ಮಡಿ ಪಂಚೆ ಉಟ್ಟಿದ್ದರು, ಕರೆದರೆ ಬರುವಂತೆ. ಕರ್ತೃ ಮಗನಲ್ಲವಾದ್ದರಿಂದ ಮಂತ್ರದಲ್ಲಿ ತಂದೆ ಎನ್ನುವಲ್ಲೆಲ್ಲ ಪುರೋಹಿತರು ಚಿಕ್ಕಪ್ಪ ಎಂಬ ಅರ್ಥ ಬರುವಂತೆ ಬದಲಿಸಿ ಹೇಳಿಸುತ್ತಿದ್ದರು. ಹತ್ತೊಂಬತ್ತು ವರ್ಷ ಅದೇ ಮಂತ್ರ ಹೇಳಿದವರಿಗೆ ಆ ಒಂದು ಮಾತು ಬದಲಾದದ್ದು ಪ್ರತಿ ಸಲವೂ ಕೇಳಿಸಿರಬೇಕು. ನಾನು ಅಡಿಗೆಮನೆಯಿಂದ ನೋಡುತ್ತಿದ್ದೆ. ಅವರು ಬಾಯಿಗೆ ಶಲ್ಯ ಹಿಡಿದುಕೊಂಡಿದ್ದರು.

ಎರಡು ತಿಂಗಳಲ್ಲಿ ವಾಸನೆ ಹೋಯಿತು. ಕೂದಲು ಬಂತು, ಉಗುರು ಬಂದವು, ಒಂದು ಬೆರಳಿನದು ಮಾತ್ರ ಸೊಟ್ಟಗೆ. ಅವರಿಗೆ ಒಂದು ಬಟ್ಟೆ ಗೋದಾಮಿನಲ್ಲಿ ಬೇರೆ ಕೆಲಸ ಸಿಕ್ಕಿತು. ನಾನು ಹಾಸಿಗೆಯನ್ನು ಕೋಣೆಗೆ ತಂದೆ. ಅತ್ತೆ ತಟ್ಟೆಯನ್ನು ಹೊಸ್ತಿಲೊಳಗೆ ಹಾಕಿದರು. ನನ್ನ ಗಂಡ ಅದನ್ನು ಎತ್ತಿಕೊಂಡು ಹೋಗಿ ಹೊಸ್ತಿಲಾಚೆಯ ಜಾಗದಲ್ಲೇ ಕೂತರು. ಮಾತಾಡುವಾಗ ಮುಖ ಒಂದು ಪಕ್ಕಕ್ಕೆ ತಿರುಗಿಸುವುದು, ಬಾಯಿಯ ಮುಂದೆ ಬೆರಳು ತರುವುದು ರೂಢಿಯಾಗಿತ್ತು. ಮುಂದಿನ ವರ್ಷ ಶ್ರಾದ್ಧಕ್ಕೆ ಅತ್ತೆಯೇ ಮಣೆ ಹಾಕಿ ಕರೆದರು. "ಮಾಟುಂಗಾದ ಅಣ್ಣಗ ಹೇಳು. ಅಂವಾ ಕಲ್ತಾನ," ಎಂದರು ನನ್ನ ಗಂಡ. ಮತ್ತೆ ಮತ್ತೆ ಕರೆದರೂ ಅಷ್ಟೇ. ಕೆಲಸಕ್ಕೆ ಹೊರಟುಹೋದರು.

ಈಚೆಗೆ ನನಗೆ ಸುಸ್ತು ಎಂದು ವೈದ್ಯರು ಗುಳಿಗೆ ಬರೆದುಕೊಟ್ಟರು. ಗುಳಿಗೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಆ ಪುಡಿಯ ಹೆಸರಿತ್ತು. ಔಷಧದಂಗಡಿಯವನನ್ನು ಕೇಳಿದೆ. ಅದು ಮೈಗೆ ಬೇಕೇ ಬೇಕು ಅಜ್ಜಿ, ಕಣ್ಣಿಗೆ ಕಾಣದಷ್ಟು. ಅಷ್ಟೂ ಸಿಗದಿದ್ದರೆ ಹೃದಯ ಸೋಲುತ್ತದೆ, ಸ್ನಾಯು ಸೋಲುತ್ತವೆ ಎಂದ. ಹೆಚ್ಚಾದರೆ ಏನು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗುಳಿಗೆ ತಿನ್ನುತ್ತಿದ್ದೇನೆ. ತಿಂದ ಮೇಲೆ ಅಂಗೈಗೆ ಊದಿ ಮೂಸಿಕೊಳ್ಳುತ್ತೇನೆ.

ಆ ದಶಕ ಮುಗಿಯುವ ವರ್ಷ ಅತ್ತೆ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಉಸಿರು ಏರಿತು. ಅಂಥ ಹೊತ್ತಿನಲ್ಲಿ ಮಗ ಬಾಯಿಗೆ ತುಳಸಿ ನೀರು ಬಿಟ್ಟು, ಕಿವಿಯಲ್ಲಿ ದೇವರ ಹೆಸರು ಹೇಳಬೇಕು. ನನ್ನ ಗಂಡ ನೀರು ಬಿಟ್ಟರು. ಅತ್ತೆ ಬೆರಳಿನಿಂದ ತಮ್ಮ ಕಿವಿ ಮುಟ್ಟಿ ತೋರಿಸಿದರು. ಅವರು ಬಗ್ಗಿದರು. ಅರ್ಧಕ್ಕೆ ಬಗ್ಗಿ, ಬಾಯಿಗೆ ಅಂಗೈ ಹಿಡಿದು, ನಿಂತರು. ವಾಸನೆ ಹೋಗಿ ನಾಲ್ಕು ವರ್ಷವಾಗಿತ್ತು.

"ನೀ ಹೇಳು," ಎಂದರು ನನಗೆ.

"ನೀವು ಹೇಳ್ರಿ. ಅವರು ನಿಮ್ಮನ್ನ ಕರ್ಯಾಕಹತ್ಯಾರ."

ಅವರು ಅಂಗೈ ತೆಗೆಯದೆ ತಲೆಯಾಡಿಸಿ ಎರಡು ಹೆಜ್ಜೆ ಹಿಂದೆ ಸರಿದು ಹೊಸ್ತಿಲಾಚೆ ನಿಂತರು. ಕಾಯಲು ಸಮಯವಿರಲಿಲ್ಲ. ನಾನು ಬಗ್ಗಿ ಅತ್ತೆಯ ಕಿವಿಯಲ್ಲಿ ಮೂರು ಸಲ ಹೇಳಿದೆ. ಅತ್ತೆ ನನ್ನ ಮಾತು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಅವರ ಬೆರಳು ಇನ್ನೂ ಕಿವಿಯ ಮೇಲಿತ್ತು, ಕಣ್ಣು ಬಾಗಿಲ ಕಡೆಗಿತ್ತು.